ಕಿಟಕಿಯಾಚೆಯ ದೊಡ್ಡ ದನಿ

“ಮನಿಯಾಕಿಗೆ ಜ್ವರ ಬಿಟ್ಟಿಲ್ರೀ!” ಬನಹಟ್ಟಿಯ ಆಸ್ಪತ್ರೆಯಲ್ಲಿ ನಾನು ಹೆಸರು ಬರೆದುಕೊಳ್ಳುವ ಕಿಟಕಿಗೆ ಬಗ್ಗಿ ಹಿರಿಯರೊಬ್ಬರು ಕೂಗಿದ ರಭಸಕ್ಕೆ ಇಡೀ ಸಾಲು ತಿರುಗಿ ನೋಡಿತು. ನನಗೆ ರೇಗಿತು. “ಇದೇನ ಸಂತೀನ್ರಿ? ಮೆಲ್ಲಕ ಮಾತಾಡ್ರಿ” ಎಂದು ತುಟಿಯ ಮೇಲೆ ಬೆರಳಿಟ್ಟು ಗದರಿದೆ. ಬೆರಳು ಕಂಡದ್ದೇ ಅವರು ಟವೆಲ್ಲಿನ ಚುಂಗಿನಿಂದ ಬಾಯಿ ಮುಚ್ಚಿಕೊಂಡು ನಿಂತುಬಿಟ್ಟರು.

ಬೆಂಚಿನ ಮೇಲಿದ್ದ ಅವರ ಹೆಂಡತಿ ಜ್ವರದಲ್ಲೇ ಎದ್ದು ಬಂದರು. “ಸಿಟ್ಟಾಗಬ್ಯಾಡ್ರಿ ಅಕ್ಕಾರ. ಮೂವತ್ತ ವರ್ಷ ಪವರ್‌ಲೂಮ್ ಸಪ್ಪಳದಾಗ ದುಡದಾರ. ಅವರ ದನಿ ಅವರಿಗೇ ಕೇಳಂಗಿಲ್ಲ.”

ನಾನು ಬೀಳಗಿ ಕಡೆಯಿಂದ ಈ ಊರಿಗೆ ಬಂದು ಎರಡೇ ತಿಂಗಳಾಗಿತ್ತು. ಓಣಿ ಓಣಿಯಲ್ಲೂ ಮಗ್ಗದ ಸಪ್ಪಳ ಕೇಳಿದ್ದೆ; ಅದರ ಪಕ್ಕದಲ್ಲೇ ನಿಂತು ದುಡಿದವರ ಕಿವಿ ಏನಾಗುತ್ತದೆಂದು ಯೋಚಿಸಿರಲಿಲ್ಲ. ಆ ಹಿರಿಯರಿಗೆ ಕೈ ಮುಗಿದೆ. ಅವರು ತಲೆಯಾಡಿಸಿದರು, ಆದರೆ ಬಾಯಿಯ ಮೇಲಿನ ಟವೆಲ್ ತೆಗೆಯಲಿಲ್ಲ.

ವಾರದ ನಂತರ ಅವರು ಮತ್ತೆ ಬಂದರು. ಈ ಸಲ ನಾನೇ ಎದ್ದು ನಿಂತು, ಅವರ ಮುಖ ನೋಡುತ್ತ, ಒಂದೊಂದೇ ಮಾತು ಬಿಡಿಸಿ “ಅವ್ವಾರು ಹೆಂಗದಾರ್ರೀ?” ಎಂದು ಕೇಳಿದೆ. ಅವರು ಬಾಯಿ ತೆರೆಯಲಿಲ್ಲ. ಹೇಳಬೇಕಾದದ್ದನ್ನೆಲ್ಲ ಮನೆಯಿಂದಲೇ ಒಂದು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು.