ಮಾರೆಮ್ಮನ ಊರುಗಳು

ದೇವದುರ್ಗದ ಕಡೆಯ ಕುರಿಗಾರರ ಮನೆಯ ಹಿರಿಯಳು ಮಾರೆಮ್ಮ. ಹಿಂಡು ದಾರಿಯಲ್ಲಿರುವಾಗ ಮುಂದಿನ ಊರಿನ ಹೆಸರನ್ನು ಅವಳು ಎಂದೂ ಬಾಯಿಗೆ ತಂದವಳಲ್ಲ. ಹೆಸರೆತ್ತಿದರೆ ಊರು ದೂರ ಸರಿಯುತ್ತದೆಂಬುದು ಆ ಮನೆತನದ ನಂಬಿಕೆ. ಅದಕ್ಕೇ ಅವರಲ್ಲಿ ಊರಿಗೊಂದು ಅಡ್ಡಹೆಸರು. ಜಾಲಿ ಚುಚ್ಚದೆ ಮೇವು ಕೊಡದ ದೇವದುರ್ಗ 'ಮುಳ್ಳತ್ತಿ', ಮಾನ್ವಿ 'ಕಾಲುವೆಕ್ಕ'.

ಅವಳ ಹೊಸ ಸೊಸೆ ಮಲ್ಲೇಶ್ವರಿಗೆ ಇದು ಮೊದಲ ನಡಿಗೆ. ಕಲ್ಮಲ ದಾಟಿ ದಿಬ್ಬ ಏರುತ್ತಲೇ ದೂರದಲ್ಲಿ ಕೋಟೆಯ ಗುಡ್ಡ ಎದ್ದು ನಿಂತಿತು. ಬಂಡೆಯ ಮೇಲೆ ಬಂಡೆ, ಎಳೆ ಬಿಸಿಲಿಗೆ ಕೆಂಪಗೆ. ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ಕಂಡದ್ದು, ಆದರೆ ಹೀಗೆ ಕಂಡಿರಲಿಲ್ಲ. ಅತ್ತೆ ಹೇಳಿಕೊಟ್ಟದ್ದೆಲ್ಲ ಮರೆತು, "ಯವ್ವಾ, ರಾಯಚೂರು!" ಎಂದು ಕೂಗಿಬಿಟ್ಟಳು.

ಮಾವ ಬೂದೆಪ್ಪ ಕೋಲೂರಿ ನಿಂತ. ಹಿಂಡೂ ನಿಂತಿತು.

"ಇದ್ದ ಅಡ್ಡಹೆಸರು ಕೆಟ್ಟಂಗಾತು. ಕುಂದರ್ರಿ ಇಲ್ಲೇ. ಅಂದ ಬಾಯೇ ಹೊಸಾದು ಇಡಬೇಕು. ಅಲ್ಲೀತನ ಹೆಜ್ಜಿ ಎತ್ತಂಗಿಲ್ಲ" ಎಂದ.

ಮರಿಗಳು ಹಿಂದಿನ ಸಂಜೆಯಿಂದ ನೀರು ಕುಡಿದಿರಲಿಲ್ಲ. ನೀರಿನ ಹೊಂಡ ಇನ್ನೂ ಮುಂದಿತ್ತು, ಬಿಸಿಲು ಏರುತ್ತಿತ್ತು. ಒಂದು ಮರಿ ಬಂದು ಮಲ್ಲೇಶ್ವರಿಯ ಸೆರಗು ಚೀಪತೊಡಗಿತು.

"ಬಿಸಿಲೂರು" ಎಂದಳು ಅವಸರದಲ್ಲಿ.

ಮಾರೆಮ್ಮ ನಕ್ಕಳು. "ಅದು ಪೇಪರಿನವರದು ಬೇ. ಫ್ಯಾನಿನ ಕೆಳಗ ಕುಂತವರು ಇಟ್ಟದ್ದು. ನೀ ನಡದು ಬಂದಾಕಿ."

"ಕಾಲುವೆಕ್ಕ ಅಂತ ಇಟ್ಟವರು ಯಾರು ಅತ್ತಿ?"

"ನಾನ! ಮದಿವಿಯಾಗಿ ಬಂದ ವರ್ಸ ಜ್ವರ ಬಂದು ಕಾಲುವಿ ದಂಡಿಗೆ ಬಿದ್ದಿದ್ದೆ. ನೀರಿನ ತಂಪು ಹಣಿಗೆ ಹತ್ತಿದ್ದ ತಡ, ನಮ್ಮಕ್ಕನ ಕೈ ಇಟ್ಟಂಗಾತು."

ಮಲ್ಲೇಶ್ವರಿ ಬೆರಗಾಗಿ ಅತ್ತೆಯ ಮುಖ ನೋಡಿದಳು. ಹೊಳೆದಂಡೆಯ ಗೂಗಲ್ ಹಳ್ಳಿಯಿಂದ ಯರಗೇರಾದವರೆಗೆ ಕುರಿಗಾರರೆಲ್ಲ ಆಡುವ ಹೆಸರು ಈ ಬಾಯಲ್ಲಿ ಹುಟ್ಟಿತ್ತೇ! ಆಮೇಲೆ ಅವಸರಪಡಲಿಲ್ಲ. ಗುಡ್ಡವನ್ನೇ ನೋಡುತ್ತ ಕುಳಿತಳು. ಕೆಳಗೆ ಒತ್ತಾಗಿ ಮನೆಗಳು, ಮೇಲೆ ಅಷ್ಟೂ ಕಲ್ಲು. ಯಾವ ಕಾಲದಲ್ಲೋ ಎತ್ತಿಕೊಂಡ ಹೊರೆಯನ್ನು ಇಳಿಸದೆಯೇ ನಿಂತ ಹೆಂಗಸಿನ ಹಾಗೆ.

"ಗುಡ್ಡಹೊತ್ತಾಕಿ" ಎಂದಳು ಮೆಲ್ಲಗೆ.

ಮಾರೆಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. "ಹೌದಲ್ಲ ತಂಗಿ... ಇಷ್ಟು ವರ್ಸ ನೋಡೀನಿ, ಆಕಿ ಹೊತ್ತು ನಿಂತಾಳ ಅನ್ನೂದು ನನಗ ಕಾಣಲಿಲ್ಲ ನೋಡು" ಎನ್ನುತ್ತ ಎದ್ದಳು. ಬೂದೆಪ್ಪ ಸಿಳ್ಳೆ ಹಾಕಿದ, ಹಿಂಡು ಹೊರಟಿತು.

ಹೊಂಡದ ಬಳಿ ಬೇರೊಂದು ಹಿಂಡಿನ ಮುದುಕ ಕೇಳಿದ: "ಯಾವ ಕಡಿಗೋ ಬೂದಣ್ಣ?"

"ಗುಡ್ಡಹೊತ್ತಾಕಿ ಕಡಿಗೆ."

ಮುದುಕ ಅದ್ಯಾವ ಊರೆಂದು ಕೇಳಲಿಲ್ಲ. ಗುಡ್ಡದತ್ತ ಕತ್ತೆತ್ತಿ ನೋಡಿ, "ನಡೀರಿ, ನಾವೂ ಆಕಿ ಕಡಿಗೇ" ಎಂದ. ಮರಿಗಳ ನಡುವೆ ನೀರಲ್ಲಿ ನಿಂತಿದ್ದ ಮಲ್ಲೇಶ್ವರಿ ಅತ್ತೆಯತ್ತ ತಿರುಗಿ ನಕ್ಕಳು.