ಬೋರ್ಡಿನ ಮೇಲಿನ ‘ಚಾ’

ಭಾಲ್ಕಿಯಲ್ಲಿ ನನ್ನದೊಂದು ಟಿವಿ, ಮಿಕ್ಸರ್ ರಿಪೇರಿ ಅಂಗಡಿ. ಗಿರಾಕಿ ಇಲ್ಲದಾಗ ಆಟದ ರೋಬೋಗಳಿಗೆ ಕಂಟ್ರೋಲರ್ ಬೋರ್ಡು ಮಾಡುವ ಹುಚ್ಚು. ಔರಾದಿನಲ್ಲಿ ವಿಜ್ಞಾನ ಕಲಿಸುವ ನನ್ನ ತಂಗಿ ತನ್ನ ಶಾಲೆಯಲ್ಲಿ ಶನಿವಾರದ ರೋಬೋ ಕ್ಲಾಸು ಶುರು ಮಾಡಿದಾಗ, ಬೋರ್ಡು ನಾನೇ ಕೊಡುತ್ತೇನೆಂದು ಎದೆ ತಟ್ಟಿಕೊಂಡೆ.

ಕೊಟ್ಟೆ ಕೂಡ. ಬೆಂಕಿಪೊಟ್ಟಣದಷ್ಟು ಬೋರ್ಡು! ಜಾಗ ಉಳಿಸಲು ಒಂದೇ ಸ್ವಿಚ್ಚಿಗೆ ಎರಡು ಕೆಲಸ ಹಚ್ಚಿದ್ದೆ. ಇತ್ತ ತಳ್ಳಿದರೆ ರೋಬೋ ಚಾಲೂ, ಅತ್ತ ತಳ್ಳಿದರೆ ಬಂದ್. ಬಂದ್ ಇದ್ದಾಗ ಮಾತ್ರ ಬ್ಯಾಟರಿ ಚಾರ್ಜಾಗುತ್ತದೆ. ಪೂರ್ತಿ ಬರೆಯಲು ಜಾಗವೆಲ್ಲಿ? ‘ಚಾ’, ‘ಬಂ’ ಎಂದಷ್ಟೇ ಅಚ್ಚು ಹಾಕಿಸಿದೆ.

“ಏನಪಾ, ನಿನ್ನ ರೋಬೋ ಚಾ ಕುಡೀತದೇನು?” ಎಂದು ಗೆಳೆಯನೊಬ್ಬ ನಕ್ಕ.

“ಕುಡದ್ರ ಕುಡೀಲಿ, ನಿಂದೇನು ಗಂಟು ಹೋಗ್ತದ?” ಎಂದು ರೇಗಿದೆ. ಮೂಗಿನ ತುದಿಯಲ್ಲೇ ಸಿಟ್ಟು ನನಗೆ.

ತಂಗಿಯ ಹೆಡ್‌ಮಾಸ್ತರರಿಗೆ ಆ ಕ್ಲಾಸು ಮೊದಲಿನಿಂದಲೂ ಹಿಡಿಸಿರಲಿಲ್ಲ. ಬೀದರಿನ ಪ್ರದರ್ಶನದಲ್ಲಿ ರೋಬೋ ಓಡಿದರೆ ಕ್ಲಾಸು ಉಳಿಯುತ್ತದೆ, ಇಲ್ಲದಿದ್ದರೆ ಆ ಹೊತ್ತು ಗಣಿತಕ್ಕೆ ಎಂದುಬಿಟ್ಟಿದ್ದರು. ಅಲ್ಲಿಯವರೆಗೆ ಚಾರ್ಜು ಮಾಡಿ, ಸ್ವಿಚ್ಚು ತಳ್ಳಿ ಕೊಡುತ್ತಿದ್ದವನು ನಾನೇ; ಹುಡುಗಿಯರು ಓಟದ ಗುಂಡಿಯನ್ನಷ್ಟೇ ಒತ್ತುತ್ತಿದ್ದರು. ಪ್ರದರ್ಶನದ ಹಿಂದಿನ ದಿನ ಮಾತ್ರ ರೋಬೋ ಅವಳ ಮನೆಯಲ್ಲಿತ್ತು.

ಬೀದರಿನ ಸಭಾಂಗಣದಲ್ಲಿ ಅವಳ ಕ್ಲಾಸಿನ ಹುಡುಗಿಯರು ರೋಬೋ ಓಡುವ ದಾರಿಗೆಂದು ನೆಲಕ್ಕೆ ಕಪ್ಪು ಪಟ್ಟಿ ಅಂಟಿಸಿ, ರೋಬೋ ಇಟ್ಟು ಗುಂಡಿ ಒತ್ತಿದರು. ಅದು ಮಿಸುಕಲಿಲ್ಲ. ಮತ್ತೆ ಒತ್ತಿದರು. ಉಹೂಂ. ಜನರೆಲ್ಲ ನೋಡುತ್ತಿದ್ದರು. ನಾನು ನುಗ್ಗಿಹೋಗಿ ಮೀಟರು ಹಚ್ಚಿದೆ. ಬ್ಯಾಟರಿ ಖಾಲಿ.

“ಚಾರ್ಜ್ ಹಚ್ಚಲಿಕ್ಕೂ ಬರಂಗಿಲ್ಲೇನು ನಿನಗ? ಸಾಲಿ ಟೀಚರ್ ಅಂತ, ಟೀಚರ್! ನನ್ನ ಮರ್ಯಾದಿ ಕಳದಿ!” ಎಂದು ಅಬ್ಬರಿಸಿದೆ, ಅವಳ ಹುಡುಗಿಯರ ಎದುರಿಗೇ.

ಅವಳ ಮುಖ ಕೆಂಪಾಯಿತು. “ಹಚ್ಚಿದ್ದೆ, ಅಣ್ಣಾ. ಚಾರ್ಜಿಗೆ ಅಂತ ‘ಚಾ’ ಕಡೀಗೇ ಇಟ್ಟಿದ್ದೆ. ಲೈಟೂ ಹತ್ತಿತ್ತು” ಎಂದಳು.

ಚಾರ್ಜಿನ ಚಾ! ಲೈಟು ಹತ್ತದೇ ಇರುತ್ತದೆಯೇ, ರೋಬೋ ಚಾಲೂ ಇತ್ತಲ್ಲ. ಚಾರ್ಜರು ಸಿಕ್ಕಿಸಿದ್ದರೂ ಬ್ಯಾಟರಿ ತುಂಬದೆ, ರಾತ್ರಿಯಿಡೀ ಖರ್ಚಾಗಿ ಖಾಲಿಯಾಗಿತ್ತು. ನೆಲ ಬಾಯಿಬಿಟ್ಟು ನುಂಗಬಾರದೇ ಅನಿಸಿತು.

ನೋಡಲು ಬಂದಿದ್ದ ಹೆಡ್‌ಮಾಸ್ತರರು ಆಗಲೇ ಹೊರಡಲು ಎದ್ದಿದ್ದರು. ಓಡಿಹೋಗಿ ಅಡ್ಡ ನಿಂತೆ. “ಸರ್, ತಪ್ಪು ನಂದೇರಿ. ಅಕ್ಷರ ನಾ ಬರದದ್ರಿ. ಅಕೀದು ಏನೂ ಇಲ್ರಿ.”

ಅವರು ನನ್ನ ಹೆಗಲು ತಟ್ಟಿದರು. “ಈಗಷ್ಟೇ ಅಲ್ಲೇನ್ರಿ ನೀವು ಅಕೀನ್ನ ಬೈದದ್ದು, ನಾ ಕೇಳಿಲ್ಲೇನು? ತಂಗೀ ಮ್ಯಾಲಿನ ಮಾಯಾಕ್ಕ ತಪ್ಪು ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ, ತಿಳೀತದ್ರಿ. ಇಂಥಾ ಅಣ್ಣ ಸಿಗಬೇಕಂದ್ರ ನಸೀಬ್ ಬೇಕ್ರಿ.” ಪಕ್ಕದಲ್ಲಿದ್ದ ಮಾಸ್ತರರೂ ತಲೆಯಾಡಿಸಿದರು. ನಾನು ಬೋರ್ಡು ತೋರಿಸಿದೆ, ಆಣೆ ಇಟ್ಟೆ. ಹೇಳಿದಷ್ಟೂ ಅವರ ಕಣ್ಣಿಗೆ ಇನ್ನೂ ಒಳ್ಳೆಯ ಅಣ್ಣನಾದೆ. ಥೂ ನನ್ನ ಜನ್ಮಕ್ಕೆ! ಹೊಡೆದಿದ್ದರೂ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಶನಿವಾರದ ಆ ಹೊತ್ತು ಗಣಿತಕ್ಕೆ ಹೋಯಿತು. ಈಗ ಬೋರ್ಡಿನ ಮೇಲೆ ‘ಚಾಲೂ’ ಎಂದು ಪೂರ್ತಿ ಬರೆಸಿದ್ದೇನೆ. ಅದಕ್ಕಾಗಿ ಬೋರ್ಡು ಕೊಂಚ ದೊಡ್ಡದಾಗಿದೆ. ತೋರಿಸಲು ಔರಾದಿಗೆ ಹೋಗಿದ್ದೆ. ತಂಗಿ ತಿರುಗಿಸಿ ನೋಡಿ, “ಚಂದ ಆಗ್ಯಾದ” ಎಂದಳು.

“ಅವತ್ತು ನಾ ಖರೇನೇ ಹೇಳಿದ್ದೆ. ಅವರು ನಂಬಲಿಲ್ಲ” ಎಂದೆ.

“ಹೌದಪಾ,” ಎಂದಳು. “ನೀ ಬೈದದ್ದು ಮಾತ್ರ ಎಲ್ಲಾರೂ ನಂಬಿದ್ರು.”