ತೆಕಾವು ಎಂದರೆ ಎಷ್ಟು

ಪೆನಿಸಿಮಾನಿ ಮಾಸ್ತರರಿಗೆ ಲೆಕ್ಕ ಬರುವುದಿಲ್ಲವೆಂದು ಬರೆದುಕೊಟ್ಟವನು ನಾನೇ. ಸುತ್ತಿಬಳಸಿ ಹೇಳುವುದೇನಿದೆ?

ಟೊಂಗಾ ದೇಶದ ವವಾವು ದ್ವೀಪದ ನಮ್ಮ ಹೈಸ್ಕೂಲಿನಲ್ಲಿ ಅವರು ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ್ದರು. ಅಂಗಳದಲ್ಲಿ ಹೆಗ್ಗೆಣಸು ಹರವಿ, ಮಕ್ಕಳಿಂದ ಎರಡೆರಡಾಗಿ ಎತ್ತಿಸಿ, ರಾಗವಾಗಿ ಎಣಿಸುತ್ತಿದ್ದರು. ಗುಣಾಕಾರ, ಭಿನ್ನರಾಶಿ, ಕೊನೆಗೆ ಬೀಜಗಣಿತವೂ ಆ ರಾಶಿಯಿಂದಲೇ ಹೊರಡಬೇಕು. 1972ರಲ್ಲಿ ನಾನು ನ್ಯೂಜಿಲೆಂಡಿನ ಆಕ್ಲೆಂಡಿನಿಂದ ‘ಹೊಸ ಗಣಿತ’ದ ಪುಸ್ತಕ ಹೊತ್ತು ಬಂದೆ. ಇನ್ನು ಗಣಗಳು, ವೃತ್ತದೊಳಗೆ ವೃತ್ತ, ರಾಗ ಬಂದ್. ಹಳಬರಲ್ಲಿ ಯಾರನ್ನು ಉಳಿಸಿಕೊಳ್ಳಬೇಕೆಂದು ವರದಿ ಬರೆಯುವ ಕೆಲಸವೂ ನನ್ನದೇ. ಕೊಂಬು ಬಂದಿತ್ತು ನನಗೆ.

ಅವರ ತರಗತಿಗೆ ಹೋದ ದಿನ ಹಲಗೆಯ ಮೇಲೆ ಬರೆದಿತ್ತು: ಒಂದು ತೆಕಾವು = 20. ನಾನು ಹುಟ್ಟಿ ಬೆಳೆದ ಆಕ್ಲೆಂಡಿನಲ್ಲಿ, ಮಾವೊರಿ ಗೆಳೆಯರ ಬಾಯಲ್ಲಿ, ತೆಕಾವು ಎಂದರೆ ಹತ್ತು. ಟೊಂಗಾದಲ್ಲಿ ಗೆಣಸಿಗೆ ಬೇರೆ ಎಣಿಕೆ, ಹತ್ತು ಜೋಡಿಗೆ ಒಂದು ತೆಕಾವು ಎಂದು ನನ್ನ ಟೊಂಗಾ ತಾಯಿ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ‘ಹತ್ತಕ್ಕೂ ಇಪ್ಪತ್ತಕ್ಕೂ ವ್ಯತ್ಯಾಸ ತಿಳಿಯದವರು’ ಎಂದು ಬರೆದೆ. ಅವರನ್ನು ತರಗತಿಯಿಂದ ತೆಗೆದು ಶಾಲೆಯ ತೋಟ ನೋಡಿಕೊಳ್ಳಲು ಹಾಕಿದರು.

ಮರುವರ್ಷ ಅದೇ ತೋಟದ ಮೊದಲ ಬೆಳೆಯನ್ನು ಊರ ನಾಯಕರಿಗೆ ಒಪ್ಪಿಸುವ ದಿನ. ಎಣಿಕೆ ಕೂಗಿ ಹೇಳುವ ಮರ್ಯಾದೆ ಗಣಿತದ ಮುಖ್ಯಸ್ಥನಾದ ನನಗೆ. ಹತ್ತು ತೆಕಾವು ಇದೆಯೆಂದು ಮಕ್ಕಳು ಬಂದು ಹೇಳಿದರು. ನಾನು ಎದೆಯುಬ್ಬಿಸಿ ಕೂಗಿದೆ: “ಹೆಗ್ಗೆಣಸು, ನೂರು!”

ಚಾಪೆಗಳ ಮೇಲೆ ಕೂತವರು ರಾಶಿಯ ಕಡೆ ತಿರುಗಿದರು. ನಾಯಕರ ಪರವಾಗಿ ಮಾತಾಡುವ ಮುದುಕ ಕೇಳಿದ, “ಏನಪ್ಪಾ, ಕಣ್ಣಿಗೆ ಇನ್ನೂರು ಕಾಣ್ತದೆ, ನೀನು ನೂರು ಅಂತೀಯ. ಉಳಿದರ್ಧ ಯಾರ ಮನೆಗೆ?”

ಹಲಗೆಯ ಮೇಲಿದ್ದ ಆ ಇಪ್ಪತ್ತು ನನಗಾಗ ನೆನಪಾಯಿತು. ಹಿಂದಿನಿಂದ ಪೆನಿಸಿಮಾನಿ ಎದ್ದರು. ಕೈಯ ಮಣ್ಣು ಇನ್ನೂ ಹೋಗಿರಲಿಲ್ಲ. “ನಮ್ಮ ಮಾಸ್ತರ್ರು ಜೋಡಿ ಲೆಕ್ಕ ಹೇಳಿದ್ದು ಕಣಣ್ಣಾ. ನೂರು ಜೋಡಿ. ಜೋಡಿ ಅನ್ನೋದೊಂದು ಬಾಯಲ್ಲೇ ಉಳ್ಕೊಂಡ್ತು, ಅಷ್ಟೇ.”

ಎಲ್ಲರೂ ನಕ್ಕು ಊಟಕ್ಕೆ ಎದ್ದರು. ನಾನು ನಾಚಿಕೆಯಿಂದ ಕುಗ್ಗಿಹೋಗಿದ್ದೆ. ಅವರ ಬಳಿ ಹೋಗಿ, “ಕ್ಷಮಿಸಿ ಮಾಸ್ತರೇ. ವರದಿ ತಪ್ಪಾಗಿತ್ತು ಅಂತ ನಾಳೇನೇ ಬರೀತೀನಿ” ಎಂದೆ.

“ಬರಿ ತಮ್ಮಾ. ನನಗೆ ಮಕ್ಕಳು ಬೇಕು. ಗೆಣಸು ತಿರುಗಿ ಪ್ರಶ್ನೆ ಕೇಳಲ್ಲ” ಎಂದರು.

ಬರೆಯಲು ಕೂತೆ. ಬರೆದರೆ ನನಗೇ ಎಣಿಸಲು ಬರುತ್ತಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ನಾಳೆ ನೋಡೋಣ ಎಂದುಕೊಂಡೆ. ಅವರು ಒಂಬತ್ತು ವರ್ಷ, ನಿವೃತ್ತಿಯವರೆಗೂ, ತೋಟದಲ್ಲೇ ಇದ್ದರು. ಎದುರಾದಾಗಲೆಲ್ಲ ನಗುತ್ತಿದ್ದರು, ಒಮ್ಮೆಯೂ ಕೇಳಲಿಲ್ಲ. ಆ ಕಾಗದವನ್ನು ನಾನು ಬರೆಯಲೇ ಇಲ್ಲ.